ನಡುನೀರಿನ ಟ್ಯೂನಾ: ಅಪ್ಪನಿಗೆ ಬರೆದ ಪತ್ರ

ತೀರ್ಥರೂಪರಾದ ಅಪ್ಪನವರಿಗೆ ಮಗನ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ತಾವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನೀರಿನ ಮೇಲೆ ಯಾವ ಸುಳಿವೂ ಇಲ್ಲದ ತೆರೆದ ಕಡಲಿನಲ್ಲಿ ರಬ್ಬರಿನಂಥ ಮೀನೊಂದನ್ನು ಇಳಿಸಿ ಟ್ಯೂನಾ ಹಿಡಿಯುವುದು ಹೇಗೆಂದು ತಾವು ಫೋನಿನಲ್ಲಿ ಕೇಳಿದ್ದಿರಿ. ಅಂದು ಮಾತು ಅರ್ಧಕ್ಕೇ ನಿಂತಿತು. ಆದ್ದರಿಂದ ಈ ಪತ್ರ.

ಟ್ಯೂನಾ ಒಂದೆಡೆ ನಿಲ್ಲುವ ಮೀನಲ್ಲ. ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಅದರ ಕಿವಿರುಗಳ ಮೇಲೆ ನೀರು ಹರಿಯುತ್ತದೆ. ಈಜು ನಿಂತರೆ ಉಸಿರೂ ನಿಂತಂತೆಯೇ. ಹಾಗಾಗಿ ಅದು ನಡುನೀರಿನಲ್ಲಿದೆ ಎಂದರೆ ಒಂದು ಮಟ್ಟವನ್ನು ಹಿಡಿದು ಅಲ್ಲೇ ಸುತ್ತಾಡುತ್ತಿದೆ ಎಂದರ್ಥ. ಬಿಸಿಲಿಗೆ ಕಾದ ಮೇಲ್ನೀರು ಮುಗಿದು ತಣ್ಣೀರು ಆರಂಭವಾಗುವ ಪದರದ ಆಸುಪಾಸಿನಲ್ಲಿ ಸಣ್ಣ ಮೀನುಗಳು ಗುಂಪುಗೂಡಿದರೆ ಟ್ಯೂನಾಗಳೂ ಹೆಚ್ಚಾಗಿ ಅಲ್ಲೇ ಸಿಗುತ್ತವೆ. 70 ಮೀಟರ್ ಆಳದ ಕಡಲಿನಲ್ಲಿ ಅವು 30 ಮೀಟರಿನಲ್ಲಿ, ಅಂದರೆ ಸುಮಾರು 16 ಮಾರಿನಲ್ಲಿ, ಓಡಾಡುತ್ತಿದ್ದರೆ, ಶಬ್ದದ ಅಲೆಗಳಿಂದ ನೀರಿನಡಿಯ ಮೀನನ್ನು ತೋರಿಸುವ ಸೋನಾರ್ ಯಂತ್ರದ ಪರದೆಯ ಮೇಲೆ ಬಿಲ್ಲಿನಂಥ ಗೆರೆಗಳು ಮೂಡುತ್ತವೆ.

ನಾನು ಬಳಸುವ ಮೆತ್ತನೆಯ ಹುಸಿ ಮೀನು ಸುಮಾರು 20 ಸೆಂಟಿಮೀಟರ್ ಉದ್ದವಿದೆ. ಮೂತಿಯಲ್ಲಿ 150 ಗ್ರಾಂ ಸೀಸದ ತಲೆ, ಬೆನ್ನಿನಿಂದ ಹೊರಬಂದ ಒಂದೇ ಕೊಕ್ಕೆ, ಬಾಲದ ತುದಿಯಲ್ಲಿ ದೋಣಿಯ ಪುಟ್ಟ ಹುಟ್ಟಿನಂತೆ ಅಡ್ಡಕ್ಕೆ ಮಡಿಚಿದ ಬಿಲ್ಲೆ. ಕೊಕ್ಕೆ ಬೆನ್ನಿನ ನಡುಗೆರೆಯಿಂದ ಕೂದಲೆಳೆಯಷ್ಟು ಸರಿದರೂ ಅದು ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನು ಹುರಿಗೊಳಿಸುತ್ತದೆ; ಆದ್ದರಿಂದ ಇಳಿಸುವ ಮುನ್ನ ಪ್ರತಿ ಸಲವೂ ದೋಣಿಯ ಪಕ್ಕದಲ್ಲಿ ಒಮ್ಮೆ ಎಳೆದು ನೋಡುತ್ತೇನೆ. ಜಿಗ್ ಎಂಬ ಲೋಹದ ಹುಸಿ ಮೀನಿಗೆ ಜೀವ ಬರಬೇಕಾದರೆ ತೋಳು ದಣಿಯುವಷ್ಟು ಜಗ್ಗಬೇಕು. ಇದಕ್ಕೆ ಅಷ್ಟು ಬೇಡ. ಕೋಲನ್ನು ನಿಧಾನವಾಗಿ ಎತ್ತಿ ಇಳಿಸಿದರೆ ಬಾಲ ತಾನೇ ಬಡಿದುಕೊಳ್ಳುತ್ತದೆ. ಮೀನು ಮಂಕಾಗಿದ್ದ ದಿನ ನಾನು ಇದನ್ನೇ ನಂಬುತ್ತೇನೆ.

ಆದರೆ ಆಡಿಸುವ ಕೈಚಳಕಕ್ಕಿಂತ ಆಳದ ಲೆಕ್ಕವೇ ಮುಖ್ಯವೆಂಬುದು ನನಗೆ ಈಗ ಮನವರಿಕೆಯಾಗಿದೆ. ನನ್ನ ದಾರದ ಬಣ್ಣ ಪ್ರತಿ 10 ಮೀಟರಿಗೊಮ್ಮೆ ಬದಲಾಗುತ್ತದೆ. ಮೂರು ಬಣ್ಣ ಹೊರಟರೆ 30 ಮೀಟರ್. ಗಾಳಿಗೆ ದೋಣಿ ಸರಿದು ದಾರ ಓರೆಯಾದರೆ ಈ ಲೆಕ್ಕ ಕೆಡುತ್ತದೆ: 45 ಡಿಗ್ರಿ ಓರೆಯಲ್ಲಿ 40 ಮೀಟರ್ ದಾರ ಬಿಟ್ಟರೂ ಇಳಿದ ಆಳ ಸುಮಾರು 28 ಮೀಟರ್ ಮಾತ್ರ. ಆಗ ಸೀಸದ ತೂಕವನ್ನು ಹೆಚ್ಚಿಸಬೇಕು. ಮೀನಿನ ಮಟ್ಟಕ್ಕಿಂತ ಕೆಳಗೆ ಹೋಗುವುದಕ್ಕಿಂತ ತುಸು ಮೇಲೆ ಉಳಿಯುವುದು ಲೇಸು, ಏಕೆಂದರೆ ಮೇಲಿನ ಬೆಳಕಿಗೆ ಎದುರಾಗಿ ಬೇಟೆಯ ನೆರಳು ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ.

ಮೊನ್ನೆ ನಾನು ಒಂದು ಮೀನನ್ನು ಕಳೆದುಕೊಂಡದ್ದು ಹೀಗೆ ದಾರ ಇಳಿಸುವಾಗಲೇ. ಮೂರನೆಯ ಬಣ್ಣವಾದ ಹಸಿರಿನವರೆಗೆ ಸರಸರನೆ ಹೊರಹೋಗುತ್ತಿದ್ದ ದಾರ ಇದ್ದಕ್ಕಿದ್ದಂತೆ ನಿಂತು ನೀರಿನ ಮೇಲೆ ಸಡಿಲವಾಗಿ ಸುರುಳಿಗೊಂಡಿತು. ತಳ ಇನ್ನೂ 40 ಮೀಟರ್ ಕೆಳಗಿತ್ತು. ನಡುವೆ ದಾರವನ್ನು ತಡೆಯುವಂಥದ್ದು ಮೀನಲ್ಲದೆ ಬೇರೇನೂ ಇರಲಿಲ್ಲ. ನಾನು ಅದನ್ನು ಅರಿತು, ದಾರ ಸುತ್ತುವ ರೀಲನ್ನು ಲಾಕ್ ಮಾಡಿ ಸುತ್ತುವಷ್ಟರಲ್ಲಿ ಮೀನು ಉಗುಳಿ ಹೋಗಿತ್ತು. ಮೇಲೆ ಬಂದ ಹುಸಿ ಮೀನಿನ ಹೊಟ್ಟೆಯ ಮೇಲೆ ಸಣ್ಣ ಹಲ್ಲುಗಳ ಸಾಲು ಗೀರಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಇಳಿಯುವಾಗಲೇ ಕಚ್ಚುವ ಮೀನು ಬಹಳ. ಅಂದಿನಿಂದ ದಾರವನ್ನು ಹೆಬ್ಬೆರಳಿನಡಿ ಹಗುರವಾಗಿ ಸವರುತ್ತಲೇ ಬಿಡುತ್ತಿದ್ದೇನೆ.

ಕೊಕ್ಕೆ ನಾಟಿದ ಮೇಲಿನದು ತಾಳ್ಮೆಯ ಕೆಲಸ. ರೀಲಿನ ಬಿಗಿಯನ್ನು ದಾರ ತಾಳುವ ಭಾರದ ಮೂರನೆಯ ಒಂದು ಭಾಗಕ್ಕೆ ಮೀರದಂತೆ ಇಟ್ಟು ಮೊದಲ ಓಟವನ್ನು ಓಡಲು ಬಿಡಬೇಕು. ಕೊನೆಯಲ್ಲಿ ಅದು ದೋಣಿಯ ಕೆಳಗೆ ವೃತ್ತವಾಗಿ ಸುತ್ತತೊಡಗಿದಾಗ, ನಮ್ಮತ್ತ ತಿರುಗಿದಾಗಲೆಲ್ಲ ಎರಡು ಮೂರು ಸುತ್ತು ದಾರ ಗಳಿಸಬೇಕು. ನೀರಿಗೆ ಮರಳಿ ಬಿಡುವ ಮೀನಾದರೆ ಅದನ್ನು ಮೇಲೆತ್ತದೆ, ದೋಣಿಯನ್ನು ನಿಧಾನವಾಗಿ ಮುಂದಕ್ಕೆ ನಡೆಸುತ್ತಾ ಅದು ಚೇತರಿಸಿಕೊಳ್ಳುವವರೆಗೆ ಪಕ್ಕದಲ್ಲೇ ಈಜಿಸುತ್ತೇವೆ.

ನಾಳೆ ಗಾಳಿ ಹೆಚ್ಚಂತೆ. 200 ಗ್ರಾಂ ತಲೆಗಳನ್ನು ಇಂದೇ ಕಟ್ಟಿಟ್ಟಿದ್ದೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತು ತಮ್ಮ ಪ್ರೀತಿಯ ಮಗ