ನಾಲ್ಕನೆಯವರ ಹೆಸರನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿಯಿತು. ಒಂದು ಬೆಳ್ಳಿ, ಐದು ಕಂಚು, ಒಟ್ಟು 6 ಪದಕ. ಈ ಲೆಕ್ಕ ಈಗ ಎಲ್ಲರಿಗೂ ಬಾಯಿಪಾಠ. ಇನ್ನೊಂದು ಆರರ ಲೆಕ್ಕವೂ ಇದೆ. ಈ ಸಲ ನಮ್ಮವರು ಆರು ಸ್ಪರ್ಧೆಗಳಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. ಶೂಟಿಂಗ್‌ನಲ್ಲಿ ಅರ್ಜುನ್ ಬಬುತಾ, ಬ್ಯಾಡ್ಮಿಂಟನ್‌ನಲ್ಲಿ ಲಕ್ಷ್ಯ ಸೇನ್, ಭಾರ ಎತ್ತುವ ಸ್ಪರ್ಧೆಯಲ್ಲಿ ಮೀರಾಬಾಯಿ ಚಾನು, ಶೂಟಿಂಗ್‌ನಲ್ಲೇ ಮೂರನೇ ಪದಕಕ್ಕೆ ಗುರಿಯಿಟ್ಟಿದ್ದ ಮನು ಭಾಕರ್, ಬಿಲ್ಲುಗಾರಿಕೆಯಲ್ಲಿ ಧೀರಜ್ ಮತ್ತು ಅಂಕಿತಾ ಜೋಡಿ, ಸ್ಕೀಟ್ ಶೂಟಿಂಗ್‌ನಲ್ಲಿ ಅನಂತ್‌ಜೀತ್ ಮತ್ತು ಮಹೇಶ್ವರಿ ಜೋಡಿ. ಇವರಲ್ಲಿ ಹೆಚ್ಚಿನವರ ಸುದ್ದಿ ಪೇಪರಿನಲ್ಲಿ ಬಂದದ್ದು ‘ನಿರಾಸೆ’, ‘ಬರಿಗೈ’, ‘ಕೈತಪ್ಪಿದ ಕಂಚು’ ಅನ್ನುವ ತಲೆಬರಹದ ಕೆಳಗೆ, ನಾಲ್ಕೈದು ಸಾಲಿನಲ್ಲಿ. ಅದು ನನಗೆ ತುಂಬಾ ಬೇಸರ ತಂದಿದೆ.

ನಾನು ಬೆಳಗಾವಿಯ ಶಹಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ಒಲಿಂಪಿಕ್ಸ್ ಬಂದದ್ದು ಸರಿಯಾಗಿ ಪಂಚಮಿ ಹಬ್ಬದ ಮುಂದೆ. ಬ್ಲೌಸು, ಫಾಲ್, ಪಿಕೋ ಅಂತ ಕೆಲಸ ರಾಶಿ ಬಿದ್ದಿತ್ತು. ಮಷಿನ್ ಪಕ್ಕದಲ್ಲೇ ಮೊಬೈಲ್ ಇಟ್ಟುಕೊಂಡು ಎಲ್ಲ ಆಟ ನೋಡಿದೆ. ಬಟ್ಟೆ ಒಯ್ಯಲು ಬಂದವರು ಕೇಳುತ್ತಿದ್ದದ್ದು ಒಂದೇ ಮಾತು, ‘ಮೆಡಲ್ ಬಂತೇನ್ರಿ ಅಕ್ಕಾರ?’ ಇಲ್ಲ ಅಂದರೆ ಮುಗಿಯಿತು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಅವರನ್ನು ದೂರುವುದಿಲ್ಲ. ಪೇಪರಿನಲ್ಲಿ, ಟಿವಿಯಲ್ಲಿ ನಾವು ಅಷ್ಟನ್ನೇ ಕೇಳುವಂತೆ ರೂಢಿಯಾಗಿದೆ.

ಆಗಸ್ಟ್ 7ರ ರಾತ್ರಿ ಮೀರಾಬಾಯಿಯನ್ನು ನೋಡಲು ಹನ್ನೆರಡು ದಾಟುವವರೆಗೂ ಎದ್ದಿದ್ದೆ. ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ 88 ಕೆಜಿ, ಮೊದಲು ಭುಜಕ್ಕೆ ತಂದು ಆಮೇಲೆ ಮೇಲೆತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 111 ಕೆಜಿ, ಒಟ್ಟು 199. ಕಂಚು ಗೆದ್ದ ಥಾಯ್ಲೆಂಡಿನ ಹುಡುಗಿ ಎತ್ತಿದ್ದು 200. ಒಂದೇ ಕೆಜಿ! ಕೊನೆಗೆ 114 ಎತ್ತಲು ಹೋದರು, ಆಗಲಿಲ್ಲ. ಆಮೇಲೆ ಅವರು ಮೈಕಿನ ಮುಂದೆ ನಿಂತು, ಇವತ್ತು ತನಗೆ ಮುಟ್ಟಿನ ಮೂರನೇ ದಿನ, ಸ್ವಲ್ಪ ಸುಸ್ತಿತ್ತು ಅಂತ ಮುಚ್ಚುಮರೆಯಿಲ್ಲದೆ ಹೇಳಿದರು. ಅಂಥ ದಿನಗಳಲ್ಲಿ ಮಷಿನ್ ಪೆಡಲ್ ತುಳಿಯುವುದೇ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ದಿನವೇ ಆಕೆ ತನ್ನ ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ ಭಾರ ತಲೆಯ ಮೇಲೆ ಎತ್ತಿ ನಿಂತಳು. ನನ್ನ ಅಂಗಡಿಗೆ ಬರುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ಇದನ್ನು ಹೇಳಿದ್ದೇನೆ. ಮರುದಿನ ನಿಮ್ಮ ಪುಟದಲ್ಲಿ ಹುಡುಕಿದೆ. 199 ಇತ್ತು, ನಾಲ್ಕನೇ ಸ್ಥಾನ ಅಂತಿತ್ತು. ಆಕೆ ಆಡಿದ ಮಾತು ಇರಲಿಲ್ಲ.

ಲಕ್ಷ್ಯ ಸೇನ್ ಉತ್ತರಾಖಂಡದವರು, ಆದರೆ ಚಿಕ್ಕ ಹುಡುಗನಾಗಿದ್ದಾಗಿನಿಂದ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಕಲಿತು ಬೆಳೆದವರು. ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಜೀ ಜಿಯಾ ಎದುರು ಮೊದಲ ಗೇಮ್ 21-13ರಲ್ಲಿ ಗೆದ್ದರು. ಆಮೇಲೆ ಎರಡೂ ಗೇಮ್ ಕೈಬಿಟ್ಟು ಹೋದವು. ಮೊಣಕೈಯಿಂದ ರಕ್ತ ಬರುತ್ತಿತ್ತು, ನಡುನಡುವೆ ಪಟ್ಟಿ ಕಟ್ಟಿಸಿಕೊಂಡು ಆಡಿದರು. ಆ ಸೋಲಿನ ನಂತರ ಪಡುಕೋಣೆ ಅವರು, ಸೌಲಭ್ಯವೆಲ್ಲ ಸಿಗುತ್ತಿದೆ, ಇನ್ನು ಆಟಗಾರರೂ ಹೊಣೆ ಹೊರಬೇಕು ಅಂದರು. ಬ್ಯಾಡ್ಮಿಂಟನ್ ಆಟಗಾರ್ತಿ, ಕೊಡಗಿನ ಅಶ್ವಿನಿ ಪೊನ್ನಪ್ಪ ಅದಕ್ಕೆ ಬಹಿರಂಗವಾಗಿಯೇ ತಕರಾರು ತೆಗೆದರು. ಇಬ್ಬರೂ ನಮ್ಮವರು. ಪಡುಕೋಣೆ ಅವರಿಗೆ ಆ ಮಾತು ಹೇಳುವ ಹಕ್ಕಿದೆ, ಅವರು ಲಕ್ಷ್ಯ ಆಡುವಾಗ ಕೋರ್ಟಿನ ಪಕ್ಕದಲ್ಲಿ ಕೂತವರು. ಅಶ್ವಿನಿಗೂ ಹಕ್ಕಿದೆ, ಮೂರು ಒಲಿಂಪಿಕ್ಸ್ ಆಡಿದವರು. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬ್ಯಾಡ್ಮಿಂಟನ್ ನೋಡುವವರು ಮೊಬೈಲಿನಲ್ಲಿ ಆ ಹುಡುಗನನ್ನು ಬೈದರಲ್ಲ, ಅದನ್ನು ಮಾತ್ರ ನನಗೆ ಸಹಿಸಲು ಆಗಲಿಲ್ಲ.

ನಾಲ್ಕನೇ ಸ್ಥಾನ ಅಂದರೆ ನನಗೆ ಮೊದಲು ನೆನಪಾಗುವುದು ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೊ, 2021ರ ಆಗಸ್ಟ್ 7. ಕೊರೊನಾ ಕಾಲ, ಅಂಗಡಿಗೆ ಕೆಲಸವೇ ಇರಲಿಲ್ಲ. ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದ ನಾನು ಬೆಳಗ್ಗೆ ಬೇಗ ಎದ್ದು ಟಿವಿ ಮುಂದೆ ಕೂತೆ. ಬರ್ಡಿ ಅಂದರೇನು, ಪಾರ್ ಅಂದರೇನು ಅಂತ ಮಗನಿಂದ ಕೇಳಿ ತಿಳಿದುಕೊಂಡೆ. ಅದಿತಿ ಆಗ ಜಗತ್ತಿನ ರ‍್ಯಾಂಕಿಂಗ್‌ನಲ್ಲಿ 200ನೆಯವಳು. ಆಡುತ್ತಿದ್ದದ್ದು ಒಂದನೇ ರ‍್ಯಾಂಕಿನ ನೆಲ್ಲಿ ಕೊರ್ಡಾ ಪಕ್ಕದಲ್ಲೇ. ಬ್ಯಾಗು ಹೊತ್ತು ಜೊತೆಗೆ ನಡೆಯುತ್ತಿದ್ದದ್ದು ಸ್ವಂತ ಅಮ್ಮ. ಅದೇ ವರ್ಷ ಅದಿತಿಗೆ ಕೊರೊನಾ ಬಂದು ಹೋಗಿತ್ತು, ಚೆಂಡನ್ನು ದೂರ ಹೊಡೆಯುವ ಶಕ್ತಿ ಕಡಿಮೆಯಾಗಿತ್ತು. ಉಳಿದವರ ಚೆಂಡು ಎಲ್ಲೋ ಮುಂದೆ ಹೋಗಿ ಬೀಳುತ್ತಿತ್ತು, ಈಕೆಯದು ಹಿಂದೆಯೇ. ಆದರೆ ಗುಂಡಿಯ ಹತ್ತಿರ ಬಂದಮೇಲೆ ಅವಳ ಪಟರ್, ಅಂದರೆ ಚೆಂಡನ್ನು ಗುಂಡಿಗೆ ತಳ್ಳುವ ಕೋಲು, ಎಲ್ಲವನ್ನೂ ಸರಿಮಾಡುತ್ತಿತ್ತು. ಕೊನೆಯಲ್ಲಿ ಸಿಡಿಲು ಮಳೆಯ ಭಯಕ್ಕೆ ಆಟ ನಿಲ್ಲಿಸಿದರು, ಮತ್ತೆ ಶುರುಮಾಡಿದರು. ಹದಿನೆಂಟನೇ ಗುಂಡಿಯಲ್ಲಿ ಹೊಡೆದ ಚೆಂಡು ಒಳಗೆ ಬೀಳಲಿಲ್ಲ. ನಾಲ್ಕು ದಿನ ಆಡಿ, ಒಂದೇ ಒಂದು ಹೊಡೆತದಲ್ಲಿ ಪದಕ ಹೋಯಿತು.

ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ 87.58 ಮೀಟರ್ ಎಸೆದು ಚಿನ್ನ ಗೆದ್ದರು. ನಾನೂ ಕುಣಿದೆ, ಓಣಿಯಲ್ಲಿ ಪೇಢಾ ಹಂಚಿದೆ. ಮರುದಿನದ ಪೇಪರು ಪೂರ್ತಿ ನೀರಜ್. ಅದು ನ್ಯಾಯವೇ. ಆದರೆ ನಮ್ಮದೇ ರಾಜ್ಯದ ಹುಡುಗಿಗೆ ಅದರ ಮರುದಿನ, ಅಥವಾ ಆ ವಾರದಲ್ಲಿ ಯಾವತ್ತಾದರೂ, ಅರ್ಧ ಪುಟ ಕೊಡಬಹುದಿತ್ತು ಅಲ್ವಾ? ಮಿಲ್ಖಾ ಸಿಂಗ್ 1960ರಲ್ಲಿ ನಾಲ್ಕನೆಯವರು. ಪಿ.ಟಿ. ಉಷಾ 1984ರಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ ಹಿಂದೆ ಬಿದ್ದು ನಾಲ್ಕನೆಯವರು. ಅವರಿಬ್ಬರೂ ಇವತ್ತಿಗೂ ಮನೆಮಾತು. ಯಾಕೆಂದರೆ ಆಗಿನವರು ಅವರ ಓಟದ ಬಗ್ಗೆ ಬರೆದರು, ಮತ್ತೆ ಮತ್ತೆ ಬರೆದರು.

ನಮ್ಮ ಊರಿನದೇ ಒಂದು ವಿಷಯ ಹೇಳುತ್ತೇನೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ಬ್ರಿಟಿಷರ ಆಳ್ವಿಕೆ, ಹಡಗಿನ ಪ್ರಯಾಣ, ಗುರುತಿಲ್ಲದ ದೇಶದ ಚಳಿ. ನೂರು ವರ್ಷ ದಾಟಿದೆ. ಆದರೂ ಅವರು 19ನೆಯವರು ಅಂತ ನಮಗೆ ಗೊತ್ತು. ಅವತ್ತು ಯಾರೋ ಒಬ್ಬರು ಮೂರನೆಯವನ ಹೆಸರು ಬರೆದು ಪೆನ್ನು ಕೆಳಗಿಡಲಿಲ್ಲ. ಈ ಸಲ ಪ್ಯಾರಿಸ್‌ಗೆ ಹೋದ ಭಾರತದವರಲ್ಲೇ ಎಲ್ಲರಿಗಿಂತ ಚಿಕ್ಕವಳು ಬೆಂಗಳೂರಿನ 14 ವರ್ಷದ ಈಜುಗಾರ್ತಿ ಧಿನಿಧಿ ದೇಸಿಂಗು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತನ್ನ ಹೀಟ್‌ನಲ್ಲಿ, ಅಂದರೆ ಮೊದಲ ಸುತ್ತಿನ ತನ್ನ ಗುಂಪಿನಲ್ಲಿ, ಅವಳೇ ಮೊದಲು ಮುಟ್ಟಿದಳು, ಸಮಯ 2 ನಿಮಿಷ 6.96 ಸೆಕೆಂಡ್. ಒಟ್ಟಾರೆ 23ನೇ ಸ್ಥಾನ. ಸೆಮಿಫೈನಲ್‌ಗೆ ಹೋಗುವುದು 16 ಜನ ಮಾತ್ರ. ನಾನು ಓದಿದ ಸುದ್ದಿಯಲ್ಲಿ ಇದ್ದದ್ದು ‘ಹೊರಬಿದ್ದ ಧಿನಿಧಿ’ ಅಂತ ಎರಡೇ ಪದ, ಕೆಳಗೆ ಒಂದು ಸಾಲು. ಒಂಬತ್ತನೇ ಕ್ಲಾಸಿನ ವಯಸ್ಸಿನ ಮಗು ಒಲಿಂಪಿಕ್ಸ್‌ನ ಹೀಟ್ ಗೆದ್ದಿದ್ದಾಳೆ. ಅದನ್ನು ಓದಿದರೆ ಎಷ್ಟು ಮಕ್ಕಳಿಗೆ ನೀರಿಗಿಳಿಯುವ ಆಸೆ ಆಗುತ್ತಿತ್ತು!

ನನ್ನ ಕೋರಿಕೆ ದೊಡ್ಡದಲ್ಲ. ಆಟಗಳು ನಡೆಯುವಷ್ಟು ದಿನ ಕ್ರೀಡಾ ಪುಟದಲ್ಲಿ ಒಂದು ಸಣ್ಣ ಚೌಕ ಕೊಡಿ. ಆ ದಿನ ಆಡಿದ ಪ್ರತಿಯೊಬ್ಬ ಭಾರತೀಯರ ಹೆಸರು, ಊರು, ಬಂದ ಸ್ಥಾನ, ಎಷ್ಟು ಜನರಲ್ಲಿ ಆ ಸ್ಥಾನ, ಸಮಯ ಅಥವಾ ತೂಕ ಅಥವಾ ದೂರ, ಜೊತೆಗೆ ಅವರ ಹಿಂದಿನ ಅತ್ಯುತ್ತಮ ಸಾಧನೆ. ಇಷ್ಟು ಸಾಕು. ನಮ್ಮ ರಾಜ್ಯದವರಾದರೆ ವಾಪಸ್ ಬಂದ ಮೇಲೆ ಒಮ್ಮೆ ಮಾತಾಡಿಸಿ, ಅವರ ಮಾತನ್ನೇ ಹಾಕಿ.

ಈಗಲೇ ಯಾಕೆ ಕೇಳುತ್ತಿದ್ದೇನೆ ಅಂದರೆ 2028ರಲ್ಲಿ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ತಾಸಿನ ವ್ಯತ್ಯಾಸ. ಎಷ್ಟೋ ಆಟ ನಾವು ಮಲಗಿರುವಾಗ ನಡೆದುಹೋಗುತ್ತವೆ, ಪೇಪರೇ ಗತಿ. ಅದರ ಮೇಲೆ 1900ರ ನಂತರ ಮೊದಲ ಸಲ ಕ್ರಿಕೆಟ್ ಕೂಡ ಒಲಿಂಪಿಕ್ಸ್‌ಗೆ ಬರುತ್ತಿದೆ. ನನಗೂ ಕ್ರಿಕೆಟ್ ಇಷ್ಟ. ಆದರೆ ಕ್ರಿಕೆಟ್ ಬಂದ ಕಡೆ ಬೇರೆಯವರಿಗೆ ಜಾಗ ಉಳಿಯುವುದಿಲ್ಲ ಅನ್ನುವುದು ನಿಮಗೂ ಗೊತ್ತು. ಆ ಚೌಕವನ್ನು ಈಗಲೇ ಕಾಯ್ದಿರಿಸಿ ಇಡಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಓದುಗಾರ್ತಿ,
ಶಹಾಪುರ, ಬೆಳಗಾವಿ