ಆಟಗಾರರ ರೆಸ್ಯೂಮೆಯಲ್ಲಿ ಪದಕದ ಪಟ್ಟಿ ಮೊದಲು ಬೇಡ

ಸಂಪಾದಕರಿಗೆ,

ಮಾನ್ಯರೇ,

ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡುತ್ತಾ ಬೆಳೆದ ಊರು ನಮ್ಮದು. ಕುಸ್ತಿ, ಕಬಡ್ಡಿಯನ್ನೇ ವೃತ್ತಿ ಮಾಡಿಕೊಂಡವರು ಮೂವತ್ತರ ಆಸುಪಾಸಿನಲ್ಲಿ ಬ್ಯಾಂಕು, ಫೈನಾನ್ಸ್ ಕಂಪನಿ, ಮ್ಯೂಚುವಲ್ ಫಂಡ್ ಕಡೆ ಹೊರಳುವುದು ಸಹಜ. ದುಡಿಯುವ ಕಸುವು ಅವರಲ್ಲಿದೆ. ಅವರ ಅವಕಾಶ ಕೆಡಿಸುವುದು ಬಯೋಡಾಟಾ.

ದೊಡ್ಡ ಗೊಂದಲ ಇದು: ಕ್ರೀಡಾ ಕೋಟಾದ ಅರ್ಜಿಯನ್ನೇ ಸಾಮಾನ್ಯ ಹುದ್ದೆಗೂ ಕಳಿಸುತ್ತಾರೆ. ಕೇಂದ್ರ ಸರ್ಕಾರದ ಕೋಟಾದಲ್ಲಿ ಅಂತರರಾಷ್ಟ್ರೀಯ ಕೂಟಕ್ಕೆ ಪ್ರಮಾಣಪತ್ರದ ನಮೂನೆ 1, ರಾಷ್ಟ್ರೀಯಕ್ಕೆ 2, ಅಂತರ ವಿಶ್ವವಿದ್ಯಾಲಯಕ್ಕೆ 3, ಶಾಲಾ ಕ್ರೀಡೆಗೆ 4 ಬೇಕು; ಅಲ್ಲಿ ಆಟದ ಸಾಧನೆಯೇ ಅರ್ಹತೆ. ಖಾಸಗಿ ಫೈನಾನ್ಸ್ ಕಂಪನಿಯಲ್ಲಿ ಅರ್ಜಿ ನೋಡುವವರಿಗೆ ರೇಡ್ ಪಾಯಿಂಟ್ ಅರ್ಥವಾಗುವುದಿಲ್ಲ. ಅವರಿಗೆ ಒಂದೇ ಪುಟ ಸಾಕು. ಮೇಲೆ ಯಾವ ಹುದ್ದೆಗೆ ಅರ್ಜಿ ಎಂಬ ಎರಡು ಸಾಲು, ನಂತರ ಹಣಕಾಸಿನ ಪರೀಕ್ಷೆ ಮತ್ತು ಕೌಶಲ, ಆಮೇಲೆ ಪದವಿ. ಆಟವನ್ನು ಉದ್ಯೋಗದಂತೆ ತಿಂಗಳು, ವರ್ಷ ಸಮೇತ ಬರೆಯಬೇಕು. ಪದಕ ಮೂರು ಸಾಕು, ಅದೂ ಕೊನೆಗೆ. ತಂದೆಯ ಹೆಸರು, ಜಾತಿ, ಮದುವೆಯ ವಿವರ ಬೇಡ.

‘ಉತ್ತಮ ನಾಯಕತ್ವ, ತಂಡ ಮನೋಭಾವ’ ಎಂಬ ಸಾಲನ್ನು ದಯವಿಟ್ಟು ಅಳಿಸಿ. ಎಲ್ಲರೂ ಬರೆಯುವುದೇ ಅದು. ತಂಡದ ಖರ್ಚು ನಿಭಾಯಿಸಿದ್ದರೆ ಹೀಗೆ ಬರೆಯಬಹುದು: ‘12 ಆಟಗಾರರ ಪ್ರಯಾಣ, ಊಟದ ಲೆಕ್ಕ, ಒಂದು ಹಂಗಾಮಿಗೆ 1,40,000 ರೂಪಾಯಿ, ಪ್ರತಿ ಟೂರ್ನಿ ಮುಗಿದ ಮೂರು ದಿನದೊಳಗೆ ಬಿಲ್ ಸಮೇತ ಒಪ್ಪಿಸಿದ್ದು.’ ಅಂಕಿ ನಿಮ್ಮದೇ ಆಗಿರಬೇಕು. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ.

ಎಕ್ಸೆಲ್ ಗೊತ್ತು ಎಂದು ಬರೆದವರು ಸಾಲದ ಕಂತು ಲೆಕ್ಕ ಹಾಕುವ ಪಿಎಂಟಿ ಸೂತ್ರದಲ್ಲಿ ಎಡವುತ್ತಾರೆ. 5 ಲಕ್ಷ ಸಾಲ, ಶೇ 9 ಬಡ್ಡಿ, 60 ತಿಂಗಳು ಎಂದರೆ ಕಂತು ಸುಮಾರು 10,379 ರೂಪಾಯಿ. ವಾರ್ಷಿಕ ಬಡ್ಡಿಯನ್ನು 12ರಿಂದ ಭಾಗಿಸದೆ ಹಾಕಿದರೆ ಉತ್ತರ 45 ಸಾವಿರ ದಾಟುತ್ತದೆ, ಅಲ್ಲಿಗೆ ಸಂದರ್ಶನ ಮುಗಿದಂತೆ. ಇಷ್ಟನ್ನು ಕೈಯಾರೆ ಮಾಡಿ ನೋಡದೆ ‘ಎಕ್ಸೆಲ್’ ಎಂಬ ಪದವನ್ನು ಪುಟಕ್ಕೆ ಸೇರಿಸಬಾರದು.

ಅನುಭವವಿಲ್ಲದ ಜಾಗ ತುಂಬಲು ಎನ್‌ಐಎಸ್‌ಎಂ (ರಾಷ್ಟ್ರೀಯ ಷೇರುಪೇಟೆ ತರಬೇತಿ ಸಂಸ್ಥೆ) ನಡೆಸುವ ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆ, ಅಂದರೆ ಸೀರೀಸ್ 5-ಎ, ಒಳ್ಳೆಯ ಆರಂಭ. 100 ಪ್ರಶ್ನೆ, ಎರಡು ಗಂಟೆ, ಪಾಸಾಗಲು 50 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಮಾಣಪತ್ರಕ್ಕೆ ಮೂರು ವರ್ಷ ಮಾನ್ಯತೆ, ಹಾಗಾಗಿ ಮುಗಿಯುವ ದಿನಾಂಕವನ್ನೂ ನಮೂದಿಸಿ. ‘ಓದುತ್ತಿದ್ದೇನೆ’ ಎಂದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಪರೀಕ್ಷೆಗೆ ಹೆಸರು ನೋಂದಾಯಿಸಿ ಆ ದಿನಾಂಕ ಬರೆಯಿರಿ.

ಗಾಯದಿಂದ ಆಟ ನಿಂತ ತಿಂಗಳುಗಳನ್ನು ಮುಚ್ಚಿಡಬೇಡಿ. ‘ಮೊಣಕಾಲು ಶಸ್ತ್ರಚಿಕಿತ್ಸೆ, ಚೇತರಿಕೆ’ ಎಂಬ ಒಂದು ಸಾಲು ಸಾಕು. ಖಾಲಿ ಬಿಟ್ಟ ಜಾಗವೇ ಹೆಚ್ಚು ಅನುಮಾನ ತರುತ್ತದೆ.

ಡಿಟಿಪಿ ಅಂಗಡಿಯವರು ಮಾಡಿಕೊಡುವ ಎರಡು ಕಾಲಂನ ಬಣ್ಣದ ವಿನ್ಯಾಸವೂ ತೊಂದರೆಯೇ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಹಲವೆಡೆ ಸಾಫ್ಟ್‌ವೇರ್. ಪಿಡಿಎಫ್ ತೆರೆದು, ಇಡೀ ಪುಟ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಸಾಲುಗಳು ಕಲಸಿಹೋದರೆ ಸಾಫ್ಟ್‌ವೇರಿಗೂ ಹಾಗೇ ಕಾಣಬಹುದು. ಏನೂ ಅಂಟದಿದ್ದರೆ ನಿಮ್ಮ ಕೈಯಲ್ಲಿರುವುದು ಬರೀ ಫೋಟೊ.

ಅರ್ಜಿ ಹಾಕುವ ಮೊದಲು ಸಿಬಿಲ್ ವರದಿಯನ್ನೂ, ಅಂದರೆ ನಿಮ್ಮ ಸಾಲ ಮರುಪಾವತಿಯ ದಾಖಲೆಯನ್ನೂ, ತೆಗೆದು ನೋಡುವುದು ಲೇಸು. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ಆಡುವಾಗ ತೆಗೆದ ಬೈಕ್ ಸಾಲದ ಬಾಕಿ ಕಂತು, ಹಣಕಾಸಿನ ಕೆಲಸಕ್ಕೆ ಅಡ್ಡ ಬರಬಹುದು.

ಕೊನೆಗೆ ಕಾಡುವುದು ದಾಖಲೆ ಪರಿಶೀಲನೆ. ಹಿಂದಿನ ಕೆಲಸದ ಬಿಡುಗಡೆ ಪತ್ರ ಕೇಳುತ್ತಾರೆ, ಆಟಗಾರರ ಬಳಿ ಅದಿರುವುದಿಲ್ಲ. ಒಪ್ಪಂದದ ಪ್ರತಿ, ತಂಡ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿತ ಮಾಡಿದ್ದಕ್ಕೆ ಕೊಟ್ಟ ಫಾರಂ 16ಎ, ಹಣ ಜಮೆಯಾದ ಪಾಸ್‌ಬುಕ್ ಪುಟಗಳನ್ನು ಈಗಲೇ ಒಂದು ಫೈಲಿನಲ್ಲಿ ಜೋಡಿಸಿಡಬೇಕು. ಆದರೆ ಇದು ಆಟಗಾರರೊಬ್ಬರ ಹೊಣೆಯಲ್ಲ. ಜಿಲ್ಲೆಯ ಕ್ಲಬ್‌ಗಳು, ತಂಡಗಳ ವ್ಯವಸ್ಥಾಪಕರು ಒಪ್ಪಂದ ಮುಗಿದ ದಿನವೇ ಸೇರಿದ ದಿನಾಂಕ, ಬಿಟ್ಟ ದಿನಾಂಕ, ವಹಿಸಿದ್ದ ಹೊಣೆ ಮೂರನ್ನೂ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದು, ಸಹಿ, ಮೊಹರು ಹಾಕಿ ಕೊಡಲಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ ಇದಕ್ಕೊಂದು ಮಾದರಿ ಪತ್ರ ಸಿದ್ಧಪಡಿಸಿ ಎಲ್ಲ ಕ್ಲಬ್‌ಗಳಿಗೂ ಕಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಪಿ.ಜೆ. ಬಡಾವಣೆ, ದಾವಣಗೆರೆ