ವಿಜ್ಞಾನ ದಿನದ ನಾಟಕ ಮತ್ತು ಏಲಿಯನ್ ಪಾತ್ರ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಏಳನೇ ತರಗತಿಯ ಮಕ್ಕಳು ಗಗನನೌಕೆಯ ನಾಟಕ ಆಡುತ್ತಿರುವುದು ನಿಮಗೆ ಗೊತ್ತು. ಕಥೆ ಅವರದೇ, ಮಾತುಗಳೂ ಅವರವೇ. ಹೋದ ವಾರ ತಾಲೀಮು ನೋಡಲು ಹೋಗಿದ್ದೆ. ಕ್ಯಾಪ್ಟನ್, ವಿಜ್ಞಾನಿ, ಡಾಕ್ಟರ್ ಎಲ್ಲರೂ ಬೆಳ್ಳಗಿರುವ ಮಕ್ಕಳು. ಭೂಮಿಯನ್ನು ಹಾಳು ಮಾಡಲು ಬರುವ ಏಲಿಯನ್ ಪಾತ್ರ ಮಾತ್ರ ತರಗತಿಯಲ್ಲಿ ಎಲ್ಲರಿಗಿಂತ ಕಪ್ಪಗಿರುವ ಹುಡುಗನಿಗೆ. "ಇವನಿಗೆ ಮೇಕಪ್ಪೇ ಬೇಡ ಮಿಸ್" ಎಂದು ಒಂದು ಮಗು ಹೇಳಿತು. ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ಏನೂ ಹೇಳದೆ ಎದ್ದು ಬಂದೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಲ್ಲೇ ತಡೆಯಬೇಕಿತ್ತು, ತಡೆಯಲಿಲ್ಲ. ಆ ತಪ್ಪು ನನ್ನದು, ಮಕ್ಕಳದ್ದಲ್ಲ. ಮಾರನೇ ದಿನ ಆ ಹುಡುಗನ ಹತ್ತಿರ, ಅವನ ಮನೆಯವರ ಹತ್ತಿರ ಕ್ಷಮೆ ಕೇಳಿದೆ. ಅವರ ಒಪ್ಪಿಗೆ ಪಡೆದೇ ಈ ಪತ್ರ ಬರೆಯುತ್ತಿದ್ದೇನೆ.

ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ. ನೋಡಿ ನೋಡಿ ಕಲಿತಿದ್ದಾರೆ. ಕೃಷ್ಣ ಎಂದರೆ ಕಪ್ಪು ಎಂದೇ ಅರ್ಥ. ಆದರೂ ಛದ್ಮವೇಷ ಸ್ಪರ್ಧೆ ಬಂದರೆ ಕೃಷ್ಣನ ವೇಷಕ್ಕೆ ನಾವು ಹುಡುಕುವುದು ಬೆಳ್ಳಗಿನ ಮಗುವನ್ನೇ, ಅಲ್ವಾ? ಟೀವಿಯಲ್ಲೂ ಅದೇ ನಡೆದಿದೆ. ನನಗೆ ತುಂಬಾ ಇಷ್ಟವಾದ ಒಂದು ಸರಣಿಯ ಮೂಲಕವೇ ಇದನ್ನು ಹೇಳಬೇಕು ಅನ್ನಿಸಿತು.

ಗಗನನೌಕೆಯೊಂದರ ಕಥೆ ಹೇಳುವ ಆ ಟೀವಿ ಸರಣಿ ಸ್ಟಾರ್ ಟ್ರೆಕ್. ಅಮೆರಿಕದಲ್ಲಿ ಅದು ಶುರುವಾದದ್ದು 1966ರ ಸೆಪ್ಟೆಂಬರ್‌ನಲ್ಲಿ. ಕಪ್ಪು ಜನರ ಮತದ ಹಕ್ಕನ್ನು ಕಾಪಾಡುವ ಕಾನೂನು ಅಲ್ಲಿ ಬಂದು ಆಗಿನ್ನೂ ಒಂದೇ ವರ್ಷ. ಆಗ ಟೀವಿಯಲ್ಲಿ ಕಪ್ಪು ಹೆಂಗಸು ಕಂಡರೆ ಹೆಚ್ಚಾಗಿ ಮನೆಗೆಲಸದವಳಾಗಿಯೇ ಕಾಣುತ್ತಿದ್ದಳು. ಈ ಸರಣಿಯಲ್ಲಿ ಮಾತ್ರ ಗಗನನೌಕೆಯ ಸಂಪರ್ಕಾಧಿಕಾರಿ ಒಬ್ಬ ಕಪ್ಪು ಹೆಂಗಸು. ಹೆಸರು ಉಹುರಾ. ಸ್ವಾಹಿಲಿ ಭಾಷೆಯಲ್ಲಿ ಉಹುರು ಎಂದರೆ ಸ್ವಾತಂತ್ರ್ಯ. ಆ ಪಾತ್ರ ಮಾಡಿದವರು ನಿಶೆಲ್ ನಿಕೋಲ್ಸ್.

ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಅವರಿಗೆ ಸಾಕಾಗಿತ್ತು. ಸರಣಿ ಬಿಟ್ಟು ರಂಗಭೂಮಿಗೆ ಹೋಗಲು ತೀರ್ಮಾನಿಸಿದ್ದರು. ಅಷ್ಟರಲ್ಲಿ ಒಂದು ಸಮಾರಂಭದಲ್ಲಿ ಅವರಿಗೆ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕರು. ತಾನು ಸರಣಿಯ ಅಭಿಮಾನಿ, ಮನೆಯಲ್ಲಿ ಮಕ್ಕಳಿಗೂ ಇದನ್ನು ನೋಡಲು ಬಿಡುತ್ತೇವೆ ಎಂದರು ಕಿಂಗ್. ಸರಣಿಯನ್ನೇ ಬಿಟ್ಟು ಹೋಗುತ್ತಿದ್ದೇನೆ ಎಂದು ನಿಕೋಲ್ಸ್ ಹೇಳಿದಾಗ, ಕಿಂಗ್ ಕೂಡದು ಎಂದರಂತೆ. ನಮ್ಮವರು ಮೊದಲ ಸಲ ಟೀವಿಯಲ್ಲಿ ಸರಿಯಾದ ಜಾಗದಲ್ಲಿ ಕಾಣುತ್ತಿದ್ದಾರೆ ಎಂಬುದು ಅವರ ಮಾತಿನ ಸಾರ. ನಿಕೋಲ್ಸ್ ಇದನ್ನು ಜೀವನದುದ್ದಕ್ಕೂ ಹೇಳಿಕೊಂಡು ಬಂದರು. ಅವರು ಉಳಿದರು.

ಆಮೇಲೆ ನಡೆದದ್ದು ನನಗೆ ಇನ್ನೂ ದೊಡ್ಡದು ಅನ್ನಿಸುತ್ತದೆ. 1977ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ನಿಕೋಲ್ಸ್ ಅವರ ನೆರವು ಪಡೆಯಿತು. ಮಹಿಳೆಯರು, ಕಪ್ಪು ಜನರು, ಬೇರೆ ಅಲ್ಪಸಂಖ್ಯಾತರು ಗಗನಯಾನಿಗಳಾಗಲು ಅರ್ಜಿ ಹಾಕಿ ಎಂದು ಅವರು ಊರೂರು ಸುತ್ತಿ ಕೇಳಿಕೊಂಡರು. 1978ರಲ್ಲಿ ನಾಸಾ 35 ಮಂದಿಯನ್ನು ಆರಿಸಿತು. ಅದರಲ್ಲಿ ಆರು ಮಹಿಳೆಯರು, ಮೂವರು ಕಪ್ಪು ಜನರು. ಅವರಲ್ಲೊಬ್ಬರಾದ ಗೈ ಬ್ಲೂಫೋರ್ಡ್ 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಆದರು. ಉಹುರಾಳನ್ನು ನೋಡುತ್ತಾ ಬೆಳೆದ ಮೇ ಜೆಮಿಸನ್ 1992ರಲ್ಲಿ ಹೋದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಅವರೇ. ಅಲ್ಲಿ ತಮ್ಮ ಪಾಳಿಯ ಕೆಲಸವನ್ನು ಅವರು ಶುರು ಮಾಡುತ್ತಿದ್ದದ್ದು ಉಹುರಾಳ ಮಾತಿನಿಂದ. ಮರುವರ್ಷ ಅದೇ ಸ್ಟಾರ್ ಟ್ರೆಕ್‌ನ ಮುಂದಿನ ಸರಣಿಯಲ್ಲಿ ಒಂದು ಚಿಕ್ಕ ಪಾತ್ರವನ್ನೂ ಮಾಡಿದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ. ಉಹುರಾಳಿಗೆ ಕುರ್ಚಿ ಕೊಟ್ಟ ಅದೇ ಸರಣಿ 1967ರಲ್ಲಿ ಕ್ಲಿಂಗನ್ ಎಂಬ ಶತ್ರುಗಳನ್ನು ತಂದಿತು. ಅವರನ್ನು ತೋರಿಸಿದ್ದು ಹೇಗೆ ಗೊತ್ತೇ? ಬಿಳಿಯ ನಟರ ಮುಖಕ್ಕೆ ಕಂದು ಬಣ್ಣ ಬಳಿದು. ಮುಖ ಕಪ್ಪಾದರೆ ಶತ್ರು ಎಂದು ನೋಡುವವರಿಗೆ ಥಟ್ಟನೆ ತಿಳಿಯಬೇಕು, ಅಷ್ಟೇ. ನಮ್ಮ ಮಕ್ಕಳು ಆ ಕಂತನ್ನು ನೋಡಿಯೇ ಇಲ್ಲ. ಆದರೂ ಇಷ್ಟು ವರ್ಷಗಳ ನಂತರ, ಇಷ್ಟು ದೂರದಲ್ಲಿ, ಅದನ್ನೇ ಮಾಡಿದರು. 1987ರ ಹೊಸ ಸರಣಿಯಲ್ಲೂ ಒಂದು ಕಂತು ಹೀಗೇ ಇದೆ. ಒಂದು ಗ್ರಹದ ಜನರೆಲ್ಲ ಕಪ್ಪು ನಟರು. ಅವರ ನಾಯಕ ಬಿಳಿಯ ಮಹಿಳಾ ಅಧಿಕಾರಿಯನ್ನು ಎತ್ತಿಕೊಂಡು ಹೋಗುತ್ತಾನೆ. ಅದರಲ್ಲಿ ನಟಿಸಿದವರೇ ಆಮೇಲೆ ಆ ಕಂತನ್ನು ಬಹಿರಂಗವಾಗಿ ಟೀಕಿಸಿದರು.

ಇದೇ ಸ್ಟಾರ್ ಟ್ರೆಕ್‌ನಲ್ಲಿ ನಮಗೂ ಸಂಬಂಧಪಟ್ಟ ಒಂದು ಪಾತ್ರ ಇದೆ. ಖಾನ್ ನೂನಿಯನ್ ಸಿಂಗ್, ಉತ್ತರ ಭಾರತದ ಮೂಲದವನು. 1967ರಲ್ಲಿ ಆ ಪಾತ್ರ ಮಾಡಿದ್ದು ಮೆಕ್ಸಿಕೊದಲ್ಲಿ ಹುಟ್ಟಿದ ನಟ, 2013ರ ಸಿನಿಮಾದಲ್ಲಿ ಬ್ರಿಟನ್ನಿನ ಬಿಳಿಯ ನಟ. ಹೆಸರು ನಮ್ಮದು, ಮುಖ ನಮ್ಮದಲ್ಲ.

ಇದೆಲ್ಲ ಹಳೇ ಕಾಲದ್ದು ಎಂದುಕೊಳ್ಳಬೇಡಿ. 2022ರಲ್ಲಿ ಸ್ಟಾರ್ ವಾರ್ಸ್ ಎಂಬ ಇನ್ನೊಂದು ಬಾಹ್ಯಾಕಾಶ ಕಥೆಯ ಒಬಿ-ವಾನ್ ಸರಣಿಯಲ್ಲಿ ನಟಿಸಿದ ಮೋಸೆಸ್ ಇಂಗ್ರಾಮ್ ಎಂಬ ಕಪ್ಪು ನಟಿಗೆ ನೂರಾರು ಕೆಟ್ಟ ಸಂದೇಶಗಳು ಬಂದವು. ಅಂಥ ಸಂದೇಶ ಕಳಿಸುವುದು ಎಷ್ಟು ಸುಲಭ ಎಂದು ಫೋನ್ ಹಿಡಿದ ನಮ್ಮ ಮಕ್ಕಳಿಗೂ ಗೊತ್ತು. ಅದಕ್ಕೇ ನನಗೆ ಭಯ.

ಬರುವ ಶನಿವಾರ ಬೆಳಗ್ಗೆ 11 ಗಂಟೆಗೆ ಶಾಲೆಯ ಹಾಲ್‌ನಲ್ಲಿ ಸ್ಟಾರ್ ಟ್ರೆಕ್‌ನ 1969ರ ಒಂದು ಕಂತನ್ನು ತೋರಿಸುತ್ತೇವೆ. ಸುಮಾರು 50 ನಿಮಿಷ. ಅದರಲ್ಲಿ ಒಂದೇ ಗ್ರಹದ ಇಬ್ಬರು ಬರುತ್ತಾರೆ. ಇಬ್ಬರದೂ ಅರ್ಧ ಮುಖ ಕಪ್ಪು, ಅರ್ಧ ಬಿಳಿ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು. ಯಾಕೆಂದು ನೌಕೆಯವರಿಗೆ ಅರ್ಥವೇ ಆಗುವುದಿಲ್ಲ. ಒಬ್ಬನಿಗೆ ಬಲಗಡೆ ಕಪ್ಪು, ಇನ್ನೊಬ್ಬನಿಗೆ ಎಡಗಡೆ. ಇದೇ ಜಗಳದ ಮೂಲ. ದಯವಿಟ್ಟು ನೀವೂ ಬನ್ನಿ, ಮಕ್ಕಳ ಪಕ್ಕದಲ್ಲೇ ಕುಳಿತು ನೋಡಿ. ಆಮೇಲೆ ಅರ್ಧ ಗಂಟೆ ಮಾತಾಡೋಣ. ಮಕ್ಕಳೇ ಜಾಸ್ತಿ ಮಾತಾಡಲಿ.

ಮನೆಯ ಮಟ್ಟಿಗೂ ಒಂದು ಬೇಡಿಕೆ ಇದೆ. "ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ" ಎಂಬ ಮಾತು ನಮ್ಮ ಬಾಯಲ್ಲಿ ಸುಮ್ನೆ ಬಂದುಬಿಡುತ್ತದೆ. ನನ್ನ ಬಾಯಲ್ಲೂ ಬಂದಿದೆ. ಆ "ದ್ದರೂ" ಎಂಬುದನ್ನು ಮಗು ಕೇಳಿಸಿಕೊಳ್ಳುತ್ತದೆ. ಟೀವಿ ನೋಡುವಾಗ ಕ್ಯಾಪ್ಟನ್ ಯಾರು, ಕಳ್ಳ ಯಾರು, ಮೊದಲು ಸಾಯುವವರು ಯಾರು ಎಂದು ಮಗುವನ್ನೇ ಕೇಳಿ ನೋಡಿ. ಅವರು ನಮಗಿಂತ ಬೇಗ ಗುರುತಿಸುತ್ತಾರೆ.

ನಾಟಕ ನಿಲ್ಲುವುದಿಲ್ಲ. ಸೋಮವಾರ ಎಲ್ಲ ಪಾತ್ರಗಳಿಗೂ ಚೀಟಿ ಎತ್ತುತ್ತೇವೆ, ಏಲಿಯನ್ ಪಾತ್ರಕ್ಕೂ. ಏಲಿಯನ್ ಯಾಕೆ ಕೆಟ್ಟವನೇ ಆಗಬೇಕು ಎಂದು ಮಕ್ಕಳು ಆಗಲೇ ಚರ್ಚೆ ಶುರು ಮಾಡಿದ್ದಾರೆ, ಕಥೆ ಬದಲಾದರೂ ಆಗಬಹುದು. ಹಳದಿ, ನೀಲಿ, ಕೆಂಪು ಯಾವುದಾದರೊಂದು ಬಣ್ಣದ ಸಾದಾ ಟೀ ಶರ್ಟ್ ಮನೆಯಲ್ಲಿದ್ದರೆ ಮಗುವಿನ ಕೈಯಲ್ಲಿ ಕಳಿಸಿ. ಹೊಸದು ಕೊಳ್ಳಬೇಡಿ. ಮುಖಕ್ಕೆ ಹಚ್ಚುವ ಬಣ್ಣ ಯಾವುದೂ ಬೇಡ.

ಇತಿ ನಿಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯಿನಿ